ಘಟ್ಟ ಇಳಿದು ಕಡಲ ದಾರಿ: ಓದುಗರ ಪ್ರಶ್ನೆ, ಚಾರಣಿಗರ ಉತ್ತರ

ಒಂದು ದಿನದ ಕಡಲತೀರದ ಚಾರಣ ಮತ್ತು ಅದರ ಆಸುಪಾಸಿನ ಬೆಟ್ಟಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಬಾರಿ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ಹೆಚ್ಚಿನವರು ಮೊದಲು ಕೇಳಿರುವುದು ‘ಎಷ್ಟು ಕಿಲೋಮೀಟರು?’ ಎಂದು. ಬೆಟ್ಟ ಹತ್ತಿ ಬೆಳೆದವರಿಗೆ ಆ ಲೆಕ್ಕ ಸಹಜ. ಆದರೆ ಕಡಲ ದಾರಿಯನ್ನು ತೀರ್ಮಾನಿಸುವುದು ದೂರವಲ್ಲ, ಹೊತ್ತು. ನೀರು ಯಾವಾಗ ಇಳಿಯುತ್ತದೆ, ಬಿಸಿಲು ಯಾವಾಗ ಬಂಡೆಯ ಮೇಲೆ ಬೀಳುತ್ತದೆ, ದೋಣಿ ಯಾವಾಗ ನಿಲ್ಲುತ್ತದೆ ಎಂಬುದು ಗೊತ್ತಿದ್ದರೆ ಎಂಟು ಕಿ.ಮೀ. ಸಲೀಸು, ಗೊತ್ತಿಲ್ಲದಿದ್ದರೆ ಎರಡು ಕಿ.ಮೀ. ಕೂಡ ಕಷ್ಟ.

ಪ್ರಶ್ನೆ: ನಾವು ಐದು ಜನ ಶನಿವಾರ ರಾತ್ರಿ ಹೊರಟು ಭಾನುವಾರ ಒಂದೇ ದಿನದಲ್ಲಿ ಗೋಕರ್ಣದ ಬೀಚ್ ಚಾರಣ ಮುಗಿಸಿ ಬರಬೇಕು. ಆಗುತ್ತದೆಯೇ? ಎಲ್ಲಿಂದ ಶುರು ಮಾಡುವುದು?
(ಓದುಗರು, ಹಾಸನ)

ಉತ್ತರ: ಆಗುತ್ತದೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನಕ್ಕೆ ಬಂದು, ಸಕಲೇಶಪುರದ ಘಟ್ಟ ಇಳಿದು, ಬೆಳಿಗ್ಗೆ ಗೋಕರ್ಣ ರೋಡ್ ಮುಟ್ಟುತ್ತದೆ. ಸಂಜೆ ಅದೇ ಹೆಸರಿನ ರೈಲು ವಾಪಸು ಹೊರಡುತ್ತದೆ. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುವುದರಿಂದ ಹೊರಡುವ ವಾರ ಸಮಯವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಸ್ಟೇಷನ್ನಿನಿಂದ ಗೋಕರ್ಣ ಪೇಟೆ ಸುಮಾರು ಹತ್ತು ಕಿ.ಮೀ. ದೂರ, ಆಟೋ ಸಿಗುತ್ತದೆ.

ಎಲ್ಲರೂ ಪೇಟೆಯಿಂದ ದಕ್ಷಿಣಕ್ಕೆ ನಡೆಯುತ್ತಾರೆ. ನಮ್ಮ ಸಲಹೆ ಅದರ ತಿರುವುಮುರುವು. ಆಟೋದಲ್ಲಿ ನೇರವಾಗಿ ತದಡಿ ಕಡೆಯ ಬೇಲೆಕಾನಿಗೆ ಹೋಗಿ ಅಲ್ಲಿಂದ ಉತ್ತರಕ್ಕೆ ನಡೆಯಿರಿ: ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣದ ದೊಡ್ಡ ಬೀಚ್. ಒಟ್ಟು ಏಳೆಂಟು ಕಿ.ಮೀ. ಇದಕ್ಕೆ ಕಾರಣ ಮೂರು. ಜನವಿಲ್ಲದ, ಅಂಗಡಿಯಿಲ್ಲದ, ಬಂಡೆ ಹೆಚ್ಚಿರುವ ಭಾಗ ಬೆಳಗಿನ ತಂಪಿನಲ್ಲೇ ಮುಗಿಯುತ್ತದೆ. ಈ ತೀರವೆಲ್ಲ ಪಡುವಣಕ್ಕೆ ಮುಖಮಾಡಿದ್ದು, ಬೆನ್ನಿಗೆ ಗುಡ್ಡವಿದೆ. ಹಾಗಾಗಿ ಬೆಳಿಗ್ಗೆ ಸ್ವಲ್ಪ ಹೊತ್ತು ಗುಡ್ಡದ ನೆರಳು ಮರಳಿನ ಮೇಲೇ ಇರುತ್ತದೆ, ಮಧ್ಯಾಹ್ನದ ಮೇಲೆ ನೆರಳೆಂಬುದೇ ಇಲ್ಲ. ಮೂರನೆಯದಾಗಿ, ನಡಿಗೆ ಮುಗಿಯುವ ಜಾಗದಲ್ಲಿ ಊಟ, ನೀರು, ಬಸ್ಸು, ಆಟೋ ಎಲ್ಲ ಇರುತ್ತವೆ. ಪೇಟೆಯಿಂದ ಹೊರಟವರು ಪ್ಯಾರಡೈಸಿನಲ್ಲಿ ಸುಸ್ತಾಗಿ ಕುಳಿತು ವಾಪಸಿಗೆ ದೋಣಿಯನ್ನೇ ನಂಬುತ್ತಾರೆ. ಕಡಲು ಕೆಟ್ಟರೆ ದೋಣಿ ಬರುವುದಿಲ್ಲ, ಬಂದರೂ ಕೇಳಿದಷ್ಟು ಕೊಡಬೇಕು.

ಹೊತ್ತಿನ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಬೇಲೆಕಾನಿನಿಂದ ಪ್ಯಾರಡೈಸಿಗೆ 40 ನಿಮಿಷ. ಅಲ್ಲಿಂದ ಹಾಫ್ ಮೂನಿಗೆ ಅರ್ಧ ಗಂಟೆ. ಇಡೀ ದಾರಿಯಲ್ಲಿ ಕೈಯೂರಿ ಹತ್ತಬೇಕಾದ ಬಂಡೆಗಳು ಇಲ್ಲೇ ಇರುವುದು. ಹಾಫ್ ಮೂನಿನಿಂದ ಓಂಗೆ ಮತ್ತೆ ಅರ್ಧ ಗಂಟೆ, ಗುಡ್ಡದ ಅಂಚಿನ ಕಾಲುದಾರಿ. ಓಂ ಬೀಚನ್ನು ಈ ತುದಿಯಿಂದ ಆ ತುದಿಗೆ ದಾಟಲು 30 ನಿಮಿಷ, ಅಲ್ಲಿಂದ ಕುಡ್ಲೆಗೆ 25, ಕುಡ್ಲೆ ದಾಟಿ ಗುಡ್ಡ ಹತ್ತಿ ಪೇಟೆಗೆ ಇಳಿಯಲು ಮುಕ್ಕಾಲು ಗಂಟೆ. ಬರಿ ನಡಿಗೆ ಸುಮಾರು ಮೂರೂವರೆ ಗಂಟೆ, ಕೂರುವುದು, ತಿನ್ನುವುದು, ಫೋಟೋ ಸೇರಿ ಆರು. ಎಂಟಕ್ಕೆ ಹೆಜ್ಜೆ ಹಾಕಿದರೆ ಎರಡಕ್ಕೆ ಪೇಟೆಯಲ್ಲಿ ಊಟ.

ದಾರಿ ತಪ್ಪುವುದು ಗುಡ್ಡದ ಮೇಲೆಯೇ. ದನ ತಿರುಗಾಡಿದ ದಾರಿಗಳು ಕವಲಾಗಿ ಹೋಗಿರುತ್ತವೆ. ಕಡಲಿನ ಸದ್ದು ಎಡಗಿವಿಗೆ ಬೀಳುತ್ತಲೇ ಇರಬೇಕು. ಸದ್ದು ಪೂರ್ತಿ ನಿಂತಿತೆಂದರೆ ಒಳನಾಡಿಗೆ ಹೋಗುತ್ತಿದ್ದೀರಿ ಎಂದು ಅರ್ಥ. ಮುಂದೆ ಹುಡುಕದೆ ಕೊನೆಯ ಕವಲಿಗೆ ಹಿಂದಿರುಗಿ. ಅಡ್ಡದಾರಿ ಎಂದು ಬಂಡೆಯಂಚಿನಿಂದ ನೇರ ಕೆಳಗಿಳಿಯುವುದು ಬೇಡವೇ ಬೇಡ.

ಪ್ರಶ್ನೆ: ಉಬ್ಬರ ಇಳಿತ ನೋಡಿಕೊಂಡು ಹೋಗಿ ಎನ್ನುತ್ತಾರೆ. ಕಾಫಿ ತೋಟದಲ್ಲಿ ಹುಟ್ಟಿ ಬೆಳೆದ ನಮಗೆ ಅದನ್ನು ನೋಡುವುದು ಹೇಗೆಂದೇ ತಿಳಿಯದು. ಮೊದಲಿನಿಂದ ವಿವರಿಸಿ.
(ಓದುಗರು, ಮೂಡಿಗೆರೆ)

ಉತ್ತರ: ಒಳ್ಳೆಯ ಪ್ರಶ್ನೆ, ವಿವರವಾಗಿಯೇ ಹೇಳುತ್ತೇವೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಚಂದ್ರ ದಿನಾ ತಡವಾಗಿ ಹುಟ್ಟುವಂತೆ ಇದೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಏರಿಳಿತ ದೊಡ್ಡದು, ಉತ್ತರ ಕನ್ನಡದಲ್ಲಿ ಒಂದೂವರೆಯಿಂದ ಎರಡು ಮೀಟರ್. ಅಷ್ಟಮಿಯ ಹೊತ್ತಿಗೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮನೆಯ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರೇ ಮೊದಲ ಅಂದಾಜಿಗೆ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ದಿನ ಗೋಕರ್ಣ, ಕಾರವಾರದ ಕಡೆ ಉಬ್ಬರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ನಡುವೆ ಬರುತ್ತದೆ. ಅಂದರೆ ಇಳಿತ ಬೆಳಗಿನ ಜಾವ ಮತ್ತು ಸಂಜೆ ಐದರ ಸುಮಾರಿಗೆ. ಆ ದಿನ ಎಂಟಕ್ಕೆ ಹೊರಟವರು ಏರುವ ನೀರಿನ ಎದುರೇ ನಡೆಯುತ್ತಾರೆ. ಮೂರು ದಿನ ತಡೆದು ತದಿಗೆಯಂದು ಹೋದರೆ ಇಳಿತ ಏಳು ಏಳೂವರೆಗೆ, ಪಂಚಮಿಯಂದು ಒಂಬತ್ತರ ಹತ್ತಿರ. ಬೆಳಗಿನ ನಡಿಗೆಗೆ ತದಿಗೆ, ಚೌತಿ, ಪಂಚಮಿ ಮೂರೂ ಚೆನ್ನ. ಶುಕ್ಲವಾಗಲಿ ಕೃಷ್ಣವಾಗಲಿ, ಲೆಕ್ಕ ಒಂದೇ. ಹುಣ್ಣಿಮೆಗೆ ಗೋಕರ್ಣಕ್ಕೆ ಹೋಗಬೇಕೆಂಬ ಆಸೆ ಹಲವರಿಗಿದೆ. ದರ್ಶನಕ್ಕೆ ಸರಿ, ಬಂಡೆ ದಾಟುವ ನಡಿಗೆಗೆ ಅದಕ್ಕಿಂತ ಕೆಟ್ಟ ದಿನವಿಲ್ಲ.

ಇದು ದಿನ ಆರಿಸಲು ಮಾತ್ರ. ನಿಖರ ಹೊತ್ತಿಗೆ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಬೇಕು. ಫೋನಿನ ಟೈಡ್ ಆ್ಯಪ್‌ಗಳಲ್ಲಿ ‘ಕಾರವಾರ’ ಎಂದು ಆರಿಸಿದರಾಯಿತು. ದಿನದ ಎರಡು ಇಳಿತಗಳೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲವಾದ್ದರಿಂದ ಹೊತ್ತಿನ ಜೊತೆ ಎತ್ತರವನ್ನೂ ಓದಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ: ನೀರು ಗಂಟೆಗೆ ಇಷ್ಟೆಂದು ಸಮವಾಗಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು, ಎರಡನೆಯದು ಎರಡು, ಮೂರು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು, ಮತ್ತೆ ಎರಡು, ಒಂದು. ಒಂದೂವರೆ ಮೀಟರಿನ ಉಬ್ಬರದಲ್ಲಿ ನಡುವಿನ ಎರಡೇ ಗಂಟೆಗೆ 75 ಸೆಂ.ಮೀ. ನೀರು ಬರುತ್ತದೆ, ಅಂದರೆ ಸೊಂಟದ ಹತ್ತಿರಕ್ಕೆ. ಮೊದಲ ಗಂಟೆಯ ನಿಧಾನ ನೋಡಿ ‘ಇನ್ನೂ ಹೊತ್ತಿದೆ’ ಎಂದುಕೊಂಡು ಬಂಡೆಯ ಆಚೆಯ ಪುಟ್ಟ ಮರಳಿನಲ್ಲಿ ಕುಳಿತವರಿಗೆ ವಾಪಸು ದಾರಿ ಮುಚ್ಚುವುದು ಹೀಗೆ. ನಿಯಮ ಸರಳ: ಬಂಡೆಯ ಬುಡದಲ್ಲಿ ದಾಟಬೇಕಾದ ಜಾಗವನ್ನು ಇಳಿತಕ್ಕೆ ಎರಡು ಗಂಟೆ ಮುಂಚಿನಿಂದ ಒಂದೂವರೆ ಗಂಟೆ ನಂತರದವರೆಗೆ ಮಾತ್ರ ದಾಟಿ. ಉಳಿದ ಹೊತ್ತಿನಲ್ಲಿ ಗುಡ್ಡದ ಮೇಲಿನ ದಾರಿ ಹಿಡಿಯಿರಿ, ಅರ್ಧ ಗಂಟೆ ಹೆಚ್ಚಾದರೂ ಸರಿ.

ಅಲೆಯ ಲೆಕ್ಕ ಬೇರೆ. ದೂರದ ಕಡಲಿನಲ್ಲಿ ಎದ್ದ ಅಲೆ ಗಾಳಿಯೇ ಇಲ್ಲದ ದಿನವೂ ಇಲ್ಲಿ ಬಂದು ಅಪ್ಪಳಿಸುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರಾವಳಿಗೆ ಅಲೆಯ ಮುನ್ನೆಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಇರುವ ದಿನ ಇಳಿತವಿದ್ದರೂ ಬಂಡೆ ಬುಡ ಬೇಡ.

ಪ್ರಶ್ನೆ: ಕುಮಟಾದಿಂದ ಗೋಕರ್ಣದವರೆಗೆ ಒಂದೇ ದಿನ ನಡೆದವರಿದ್ದಾರಂತೆ. ನಾವೂ ಪ್ರಯತ್ನಿಸಬಹುದೇ?
(ಓದುಗರು, ಆಲೂರು)

ಉತ್ತರ: ಬೇಡ. ಗಟ್ಟಿ ಕಾಲಿನವರಿಗೆ ಅಸಾಧ್ಯವಲ್ಲ, ಆದರೆ ಅದು ನಡಿಗೆಯಾಗದೆ ಓಟವಾಗುತ್ತದೆ. ಒಣ ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಹೆಜ್ಜೆ ಹಿಂದಕ್ಕೆ ಜಾರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಅಲೆ ಈಗಷ್ಟೇ ತೊಳೆದು ಹೋದ ಒದ್ದೆ ಮರಳಿನಲ್ಲಿ ಮಾತ್ರ ನಡಿಗೆ ಹಗುರ, ಅದು ಸಿಗುವುದೂ ಇಳಿತದ ಹೊತ್ತಿನಲ್ಲೇ.

ಒಂದು ದಿನಕ್ಕೆ ಅದರ ದಕ್ಷಿಣದ ಅರ್ಧ ತೆಗೆದುಕೊಳ್ಳಿ: ಕುಮಟಾದ ಕಡೆಯಿಂದ ಬಾಡ, ಕಾಗಾಲ ತೀರ ಹಿಡಿದು ಅಘನಾಶಿನಿ ಊರಿನವರೆಗೆ. ನಮ್ಮ ಅಭಿಪ್ರಾಯದಲ್ಲಿ ಗೋಕರ್ಣದ ಭಾಗಕ್ಕಿಂತ ಇದೇ ಚೆಂದ, ಜನ ಕಡಿಮೆ, ಗಾಳಿಮರದ ನೆರಳೂ ಅಲ್ಲಲ್ಲಿ ಉಂಟು. ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಆಚೆ ದಡದ ತದಡಿಗೆ ಜನ, ಬೈಕು ಸಾಗಿಸುವ ದೋಣಿ ಇದೆ. ಸಂಜೆಯ ಕೊನೆಯ ದೋಣಿ ಎಷ್ಟಕ್ಕೆಂದು ಬೆಳಿಗ್ಗೆಯೇ ಊರಿನವರನ್ನು ಕೇಳಿಕೊಳ್ಳಿ. ತಪ್ಪಿದರೆ ಹೊಳೆ ಸುತ್ತಿ ಹೆದ್ದಾರಿಯ ಮೂಲಕ ಬರಬೇಕು. ಅಳಿವೆಯನ್ನು ನಡೆದು, ಈಜಿ ದಾಟುವ ಯೋಚನೆ ಯಾವ ಹೊತ್ತಿನಲ್ಲೂ ಸಲ್ಲದು. ಇಳಿತದಲ್ಲಿ ಇಡೀ ಹೊಳೆಯ ನೀರು ಕಡಲಿಗೆ ನುಗ್ಗುತ್ತಿರುತ್ತದೆ, ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ.

ಪ್ರಶ್ನೆ: ಮುಳ್ಳಯ್ಯನಗಿರಿಗೆ ಹಾಕುವ ಶೂ ಕಡಲ ಬಂಡೆಗೂ ಆಗುತ್ತದೆಯೇ, ಅಥವಾ ಸ್ಯಾಂಡಲ್ ತೆಗೆದುಕೊಳ್ಳಬೇಕೇ?
(ಓದುಗರು, ಚಿಕ್ಕಮಗಳೂರು)

ಉತ್ತರ: ಅಟ್ಟೆ ಮೆತ್ತಗಿನ ರಬ್ಬರಿನದಾಗಿದ್ದರೆ ಅದೇ ಶೂ ಸಾಕು. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಹಳೆಯದಾಗಿ ಕಲ್ಲಿನಂತೆ ಗಟ್ಟಿಯಾದ ಅಟ್ಟೆ ಹುಲ್ಲಿನ ಬೆಟ್ಟದಲ್ಲಿ ನಡೆದೀತು, ಒದ್ದೆ ಬಂಡೆಯಲ್ಲಿ ನಿಲ್ಲದು.

ಕರಾವಳಿಯ ಗುಡ್ಡದ ಅಂಚು ಹೆಚ್ಚಾಗಿ ಚಿರೆಕಲ್ಲು, ದಕ್ಷಿಣದಲ್ಲಿ ಮುರಕಲ್ಲು ಎನ್ನುವರಲ್ಲ, ಅದೇ. ಒಣಗಿದಾಗ ಅದರ ತೂತುಗಳು ಪಾದವನ್ನು ಚೆನ್ನಾಗಿ ಹಿಡಿಯುತ್ತವೆ. ಒದ್ದೆಯಾದಾಗ ಅವೇ ತೂತುಗಳಲ್ಲಿ ಪಾಚಿ ಕಟ್ಟುತ್ತದೆ. ಬಂಡೆಯ ಬಣ್ಣವೇ ಸೂಚನೆ: ಕೆಂಪು ಅಥವಾ ಕಂದು ಒಣಭಾಗ ಸರಿ; ಹಸಿರು ಮಿಂಚುವುದು, ಕಪ್ಪಗೆ ನುಣುಪಾಗಿರುವುದು ನೀರು ದಿನಾ ಮುಟ್ಟುವ ಜಾಗ, ಅಲ್ಲಿ ಕಾಲಿಡಬೇಡಿ. ಇನ್ನೊಂದು ಅಪಾಯ ಮೇಲಿನಿಂದ ಕಾಣುವುದೇ ಇಲ್ಲ. ಅಲೆ ಬುಡವನ್ನು ಕೊರೆದು ಕೊರೆದು ಅಂಚಿನ ಕೆಳಗೆ ಪೊಳ್ಳಾಗಿರುತ್ತದೆ. ಫೋಟೋಗಾದರೂ ಅಂಚಿನಿಂದ ಮೂರು ಮೀಟರ್ ಹಿಂದೆಯೇ ನಿಲ್ಲಿ. ಮಳೆಗಾಲ ಮುಗಿದ ಹೊಸದರಲ್ಲಿ ಈ ಎಚ್ಚರ ಎರಡರಷ್ಟಿರಲಿ.

ಶೂ ಅರ್ಧ ಸೈಜ್ ದೊಡ್ಡದಿರಲಿ, ಬಿಸಿಲಿಗೆ ಪಾದ ಊದುತ್ತದೆ. ಬೊಬ್ಬೆ ಬರುವುದು ತಿಕ್ಕಾಟ, ತೇವ, ಮರಳು ಮೂರೂ ಸೇರಿದಾಗ. ಒಂದು ಜೊತೆ ಒಣ ಕಾಲುಚೀಲ ಚೀಲದಲ್ಲಿರಲಿ. ಪ್ರತಿ ಬೀಚಿನ ಕೊನೆಯಲ್ಲೂ ಶೂ ಬಿಚ್ಚಿ ಕೊಡವಿ. ಹಿಮ್ಮಡಿ ಬಿಸಿಯಾಗುತ್ತಿದೆ ಎನಿಸಿದ ಕ್ಷಣವೇ ಮೆಡಿಕಲ್ ಶಾಪಿನ ಪೇಪರ್ ಟೇಪ್ ಅಂಟಿಸಿದರೆ ಬೊಬ್ಬೆ ಏಳುವುದಿಲ್ಲ. ಎದ್ದ ಮೇಲೆ ಅಂಟಿಸಿದರೆ ಚರ್ಮವೇ ಕಿತ್ತುಬರುತ್ತದೆ. ಬರಿಗಾಲಲ್ಲಿ ನಡೆಯುವ ಆಸೆಯಿದ್ದರೆ ಒದ್ದೆ ಮರಳಿನ ಮೇಲೆ ಮಾತ್ರ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಹರಿತ.

ಪ್ರಶ್ನೆ: ಸಕಲೇಶಪುರದಿಂದ ಸುಬ್ರಹ್ಮಣ್ಯ ಕಡೆಗೆ ರೈಲು ಹಳಿಯ ಮೇಲೆ ನಡೆಯುವ ‘ಗ್ರೀನ್ ರೂಟ್’ ಈಗಲೂ ಇದೆಯೇ? ಕಡಲಿಗೆ ಇಳಿಯುವ ಮುಂಚೆ ಅದನ್ನೂ ಮಾಡೋಣವೆಂದಿದ್ದೇವೆ.
(ಓದುಗರು, ಸಕಲೇಶಪುರ)

ಉತ್ತರ: ಇಲ್ಲ, ಅದನ್ನು ಬಿಟ್ಟುಬಿಡಿ. ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಆರು ತಿಂಗಳವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾಯ್ದೆಗಿಂತ ಮುಖ್ಯವಾದದ್ದು ಜೀವ. ತಿರುವಿನ ಸುರಂಗದೊಳಗೆ ರೈಲು ಯಾವ ಕಡೆಯಿಂದ ಬರುತ್ತಿದೆ ಎಂದು ಸದ್ದಿನಿಂದ ತಿಳಿಯುವುದಿಲ್ಲ, ಸೇತುವೆಯ ಮೇಲೆ ಸರಿದು ನಿಲ್ಲಲು ಜಾಗವಿಲ್ಲ. ಆ ಕಣಿವೆ ನೋಡಬೇಕೆಂದರೆ ಯಶವಂತಪುರ ಮಂಗಳೂರು ನಡುವಿನ ಹಗಲು ರೈಲಿಗೆ 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸುತ್ತಾರೆ, ಅದರಲ್ಲಿ ಕುಳಿತು ನೋಡಿ. ನಡೆಯಲೇಬೇಕೆಂದರೆ ಜೇನುಕಲ್ಲು ಗುಡ್ಡವಿದೆ, ಬೈರಾಪುರದ ಕಡೆಯ ಎತ್ತಿನಭುಜವಿದೆ. ಎರಡಕ್ಕೂ ಹೊರಡುವ ಮುಂಚೆ ಅರಣ್ಯ ಇಲಾಖೆಯ ಅನುಮತಿಯ ಸ್ಥಿತಿ ಮತ್ತು ಆನೆಯ ಸಂಚಾರ ಎರಡನ್ನೂ ವಿಚಾರಿಸಿ. ಆಲೂರು, ಸಕಲೇಶಪುರ, ಮೂಡಿಗೆರೆ ಸೀಮೆಯಲ್ಲಿ ಬೆಳಿಗ್ಗೆ ಏಳಕ್ಕೆ ಮುಂಚೆ, ಸಂಜೆ ಐದರ ಮೇಲೆ ತೋಟದ ದಾರಿಯಲ್ಲಿ ನಡೆಯಬಾರದು. ಅರಣ್ಯ ಸಹಾಯವಾಣಿ 1926.

ಪ್ರಶ್ನೆ: ಕಡಲತೀರದ ಜೊತೆಗೆ ಒಂದು ದಿನದಲ್ಲಿ ಹತ್ತಿ ಇಳಿಯಬಹುದಾದ ಬೆಟ್ಟಗಳು ಯಾವುವು? ಬುಕಿಂಗ್ ಬೇಕೇ? ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂದು ಲೆಕ್ಕ ಹಾಕುವುದು ಹೇಗೆ?
(ಓದುಗರು, ಕಡೂರು)

ಉತ್ತರ: ಮೊದಲು ಕಾಲು ಪಳಗಿಸಲು ಮನೆಯ ಹತ್ತಿರದ್ದೇ ಸಾಕು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ವಾಹನದಲ್ಲಿ ಹೋಗಿ ಮೆಟ್ಟಿಲು ಹತ್ತುವ ಬದಲು ಸರ್ಪದಾರಿಯಿಂದ ಹತ್ತಿ. ಮೂರ್ನಾಲ್ಕು ಕಿ.ಮೀ. ಕಡಿದಾದ ದಾರಿ, ನಡುವೆ ಮರದ ನೆರಳಿಲ್ಲ. ಅದನ್ನು ಎರಡು ಗಂಟೆಯೊಳಗೆ ಹತ್ತಿ ಮಂಡಿ ನೋಯದೆ ಇಳಿದವರಿಗೆ ಕೆಳಗೆ ಹೇಳುವ ಎಲ್ಲವೂ ನಿಲುಕುತ್ತದೆ. ಗಿರಿ ಭಾಗಕ್ಕೆ ಹೋಗುವ ವಾಹನಕ್ಕೆ ಜಿಲ್ಲಾಡಳಿತದ ಆನ್‌ಲೈನ್ ನೋಂದಣಿ ಇದೆ, ಮುಂಚಿತವಾಗಿ ಮಾಡಿಸಿಕೊಳ್ಳಿ.

ಕುದುರೆಮುಖ ಶಿಖರ 1,894 ಮೀಟರ್. ಕಳಸದ ಕಡೆಯ ಮುಳ್ಳೋಡಿಯಿಂದ ಹೋಗಿ ಬರಲು 18ರಿಂದ 20 ಕಿ.ಮೀ. ರಾಷ್ಟ್ರೀಯ ಉದ್ಯಾನದ ಒಳಗಾದ್ದರಿಂದ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಗುರುತಿನ ಚೀಟಿ ಕೊಟ್ಟು ಬುಕ್ ಮಾಡಬೇಕು, ಆ ಚೀಟಿಯ ಮೂಲಪ್ರತಿ ಜೊತೆಗಿರಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಮಳೆಗಾಲದಲ್ಲಿ ಹೋಗುವವರಿಗೆ ತೊಂದರೆ ಕೊಡುವುದು ಶಿಖರವಲ್ಲ, ದಾರಿಯ ಹಳ್ಳಗಳು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನದ ಒಂದು ಜಡಿಮಳೆಗೆ ತೊಡೆಗೆ ಬರುತ್ತದೆ. ಅಂಥದ್ದನ್ನು ದಾಟದೆ ಕಾಯಬೇಕು. ಮಳೆ ನಿಂತರೆ ನೀರು ಇಳಿಯುವುದೂ ಅಷ್ಟೇ ಬೇಗ.

ಕಡಲಿಗೆ ಅಂಟಿದಂತೆ ನೋಡಬೇಕೆಂದರೆ ಕೊಡಚಾದ್ರಿ, 1,343 ಮೀಟರ್. ತಿಳಿಬಾನಿನ ದಿನ ಮೇಲಿನಿಂದ ಪಡುವಣ ಕಡಲು ಕಾಣುತ್ತದೆ. ಡಿಸೆಂಬರ್, ಜನವರಿಯ ಮಧ್ಯಾಹ್ನದ ಮಬ್ಬಿನಲ್ಲಿ ಕಾಣದು, ಮಳೆ ಬಂದು ತೊಳೆದ ಅಕ್ಟೋಬರಿನ ದಿನಗಳೇ ಮೇಲು. ಹಿಡ್ಲುಮನೆ ಜಲಪಾತದ ಬದಿಯ ದಾರಿ ಸುಂದರ, ಆದರೆ ಮಳೆಗಾಲದಲ್ಲಿ ಆ ಬಂಡೆಗಳು ಹತ್ತಲು ತಕ್ಕವಲ್ಲ. ಕುಮಟಾದಿಂದ ಸುಮಾರು 25 ಕಿ.ಮೀ. ಒಳಗೆ ಯಾಣ, ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಾಡಿನ ನೆರಳಿನ ಸಣ್ಣ ನಡಿಗೆ, ಕಡಲತೀರದ ಬಿಸಿಲಿಗೆ ಬೆಂದ ಮರುದಿನಕ್ಕೆ ಹೇಳಿ ಮಾಡಿಸಿದ್ದು.

ಹಿಂದಿರುಗುವ ಹೊತ್ತಿನ ಲೆಕ್ಕ: ಸಮತಟ್ಟಿನಲ್ಲಿ ಗಂಟೆಗೆ ನಾಲ್ಕು ಕಿ.ಮೀ., ಏರುವ ಪ್ರತಿ 500 ಮೀಟರಿಗೆ ಇನ್ನೊಂದು ಗಂಟೆ, ತಂಡದಲ್ಲಿ ಆರಕ್ಕಿಂತ ಹೆಚ್ಚು ಜನರಿದ್ದರೆ ಒಟ್ಟಿನ ಮೇಲೆ ಕಾಲು ಭಾಗ ಸೇರಿಸಿ. ಕತ್ತಲೆಗೆ ಒಂದೂವರೆ ಗಂಟೆ ಮುಂಚೆ ಕೆಳಗಿರಬೇಕೆಂದು ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ಡಿಸೆಂಬರಿನಲ್ಲಿ ಸೂರ್ಯ ಆರರ ಸುಮಾರಿಗೇ ಮುಳುಗುತ್ತಾನೆ. ಇಳಿಯಲು ಮೂರೂವರೆ ಗಂಟೆ ಬೇಕಾದ ಬೆಟ್ಟದಲ್ಲಿ ಒಂದು ಗಂಟೆಗೆ ತಿರುಗಲೇಬೇಕು, ತುದಿ ಕಣ್ಣೆದುರಿದ್ದರೂ. ಆ ಗಂಟೆಯನ್ನು ಹೊರಡುವ ಮುಂಚೆಯೇ ಎಲ್ಲರೆದುರು ಹೇಳಿಬಿಡಿ, ಮೇಲೆ ಹೋದ ಮೇಲೆ ವಾದಕ್ಕೆ ಎಡೆಯಿರಬಾರದು.

ಏಪ್ರಿಲ್, ಮೇ, ಅಕ್ಟೋಬರಿನ ಮಧ್ಯಾಹ್ನ ಸಿಡಿಲು ಹೆಚ್ಚು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಬಂತೆಂದರೆ ಅದು ಹತ್ತು ಕಿ.ಮೀ. ಒಳಗೇ ಇದೆ. ಹುಲ್ಲಿನ ಏಣಿನಿಂದ ತಕ್ಷಣ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕೋಲು ಕೆಳಗಿಡಿ, ಒಬ್ಬರಿಗೊಬ್ಬರು ದೂರ ದೂರ ಇರಿ.

ಪ್ರಶ್ನೆ: ನಮ್ಮದು ಬಯಲುಸೀಮೆ, ಬಿಸಿಲು ಹೊಸದಲ್ಲ. ಆದರೂ ಕರಾವಳಿಯಲ್ಲಿ ಎರಡು ಗಂಟೆ ನಡೆದರೆ ತಲೆ ತಿರುಗುತ್ತದೆ. ಯಾಕೆ? ಊಟ, ನೀರು ಎಷ್ಟು ಒಯ್ಯಬೇಕು?
(ಓದುಗರು, ಅರಸೀಕೆರೆ)

ಉತ್ತರ: ನಿಮ್ಮಲ್ಲಿ ಗಾಳಿ ಒಣದು, ಬೆವರು ಆರಿದಾಗ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಮೈ ಬಿಸಿಯಾಗಿಯೇ ಉಳಿಯುತ್ತದೆ, ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರಿ ನೀರು ಕುಡಿಯುತ್ತಾ ಹೋದವರಿಗೆ ತಲೆ ತಿರುಗುವುದು, ಕಾಲು ಸೆಳೆಯುವುದು ಇದರಿಂದಲೇ.

ಬೆಟ್ಟದಲ್ಲಿ ಗಂಟೆಗೆ ಅರ್ಧ ಲೀಟರ್ ಸಾಕಾದರೆ ಇಲ್ಲಿ ಮುಕ್ಕಾಲು ಲೀಟರ್ ಬೇಕು. ಓಂ ಬೀಚಿನವರೆಗೆ ಏನೂ ಸಿಗದೆಂದು ಎಣಿಸಿ ತಲಾ ಮೂರು ಲೀಟರ್ ಹೊತ್ತುಕೊಳ್ಳಿ. ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಪೊಟ್ಟಣ ಒಂದನ್ನು ಪೂರ್ತಿ ಕಲಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸ. ಉಪ್ಪು ಹೆಚ್ಚಾದರೆ ವಾಂತಿಯಾಗುತ್ತದೆ, ಆದ್ದರಿಂದ ಕೈ ಅಳತೆ ಬೇಡ. ಬಾಯಾರಿಕೆಗೆ ಕಾಯದೆ 15 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಿರಿ.

ಬುತ್ತಿಗೆ ಚಪಾತಿ ಜೊತೆ ಒಣ ಪಲ್ಯ ಅಥವಾ ಉಪ್ಪಿನಕಾಯಿ, ಒಗ್ಗರಣೆ ಅವಲಕ್ಕಿ, ಕಡಲೆಬೀಜದ ಚಿಕ್ಕಿ, ಬಾಳೆಹಣ್ಣು. ತೆಂಗಿನಕಾಯಿ ಚಟ್ನಿ ಆ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ, ಬೆಳಗಿನ ತಿಂಡಿಗಷ್ಟೇ ಇರಲಿ. ತಲೆನೋವು, ಓಕರಿಕೆ ಬಂದವರನ್ನು ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿ. ಮಾತು ತೊದಲಿದರೆ, ಗೊಂದಲಗೊಂಡರೆ ಅದು ಬಿಸಿಲಾಘಾತ. ನೀರು ಕುಡಿಸಲು ಹೋಗದೆ ಮೈ ತಣಿಸುತ್ತಲೇ 108ಕ್ಕೆ ಕರೆ ಮಾಡಿ.

ಪ್ರಶ್ನೆ: ನಡುವೆ ಈಜಬಹುದೇ? ಕೆರೆ, ಕಾಲುವೆಯಲ್ಲಿ ಈಜಿ ಅಭ್ಯಾಸವಿದೆ.
(ಓದುಗರು, ಹೊಳೆನರಸೀಪುರ)

ಉತ್ತರ: ಜೀವರಕ್ಷಕರಿರುವ ಬೀಚಿನಲ್ಲಿ, ಅವರು ತೋರಿಸಿದ ಜಾಗದಲ್ಲಿ ಮಾತ್ರ. ಉಳಿದೆಡೆ ಮೊಣಕಾಲು ಮಟ್ಟ ಮೀರಬೇಡಿ. ಕೆರೆಯ ಈಜು ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ದಡಕ್ಕೆ ಬಂದ ಅಲೆಯ ನೀರು ಒಂದು ಕಿರಿದಾದ ಓಣಿಯಾಗಿ ವಾಪಸು ಕಡಲಿಗೆ ಹರಿಯುತ್ತದೆ. ಎರಡೂ ಕಡೆ ನೊರೆ ಒಡೆಯುತ್ತಿದ್ದು ನಡುವೆ ಮಾತ್ರ ಅಲೆಯಿಲ್ಲದೆ ಶಾಂತವಾಗಿ, ಕಡುಬಣ್ಣದಲ್ಲಿ ಕಾಣುವ ಪಟ್ಟಿಯೇ ಆ ಸೆಳೆತ. ಹೊಸಬರು ಶಾಂತವಾಗಿದೆಯೆಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆಗೆ ಹೊಡೆದಾಡಬೇಡಿ, ತೇಲಿಕೊಂಡು ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಓಣಿ ದಾಟಿದ ಮೇಲೆ ಅಲೆಯೇ ತಂದು ಬಿಡುತ್ತದೆ. ಮುಳುಗುವವರನ್ನು ಹಿಡಿಯಲು ಬರಿಗೈಯಲ್ಲಿ ಹಾರಬೇಡಿ. ಮುಚ್ಚಿದ ಖಾಲಿ ಕ್ಯಾನು, ಹಗ್ಗ, ಏನಾದರೂ ತೇಲುವುದನ್ನು ಎಸೆಯಿರಿ, 112ಕ್ಕೆ ಕರೆ ಮಾಡಿ.

ಪ್ರಶ್ನೆ: ಅರವತ್ತು ದಾಟಿದ ಅಮ್ಮ, ಎಂಟು ವರ್ಷದ ಮಗಳು ಜೊತೆಗಿದ್ದಾರೆ. ಸುಲಭವಾದದ್ದು ಹೇಳಿ.
(ಓದುಗರು, ಬೇಲೂರು)

ಉತ್ತರ: ತ್ರಾಸಿಯಿಂದ ಮರವಂತೆ ಕಡೆಗೆ ಮರಳಿನ ಮೇಲೆ ಎರಡು ಕಿ.ಮೀ. ನಡೆಯಿರಿ. ಒಂದು ಕಡೆ ಕಡಲು, ಹೆದ್ದಾರಿಯ ಆಚೆ ಸೌಪರ್ಣಿಕಾ ಹೊಳೆ, ಸುಸ್ತಾದಲ್ಲಿ ನಿಂತು ವಾಹನ ಹತ್ತಬಹುದು. ನೀರಿಗೆ ಮಾತ್ರ ಇಳಿಯಬಾರದು, ಅಲ್ಲಿ ದಡ ಒಮ್ಮೆಲೇ ಆಳವಾಗುತ್ತದೆ. ಸಂಜೆಗೆ ಬೈಂದೂರಿನ ಒತ್ತಿನೆಣೆ ಗುಡ್ಡದಿಂದ ಸೋಮೇಶ್ವರದ ತೀರ ನೋಡಿ. ಬೆಟ್ಟ ಕಡಲು ಕೂಡುವುದನ್ನು ಹತ್ತುವ ಶ್ರಮವಿಲ್ಲದೆ ಕಾಣಲು ಅದೇ ಜಾಗ. ಇನ್ನೂ ಉತ್ತರಕ್ಕೆ ಹೋಗುವುದಾದರೆ ಹೊನ್ನಾವರದ ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ಹಾಸಿದ ಕಾಲುದಾರಿಯಿದೆ. ಮಗುವಿಗೆ ಅದು ಬಹಳ ಹಿಡಿಸುತ್ತದೆ, ಉಬ್ಬರದ ಹೊತ್ತಿನಲ್ಲಿ ಹೋದರೆ ಬೇರುಗಳ ನಡುವೆ ನೀರು ತುಂಬುವುದು ಕಾಣುತ್ತದೆ.

ಪ್ರಶ್ನೆ: ಇಂಬಳಕ್ಕೆ ಏನು ಮಾಡಬೇಕು? ಮಂಗನ ಕಾಯಿಲೆಯ ಸುದ್ದಿ ಬರುವ ತಿಂಗಳಲ್ಲಿ ಕಾಡಿನ ದಾರಿ ಹಿಡಿಯಬಹುದೇ?
(ಓದುಗರು, ಕೊಪ್ಪ)

ಉತ್ತರ: ಎರಡೂ ಬೇರೆ ಬೇರೆ ಕಾಲದವು, ಎರಡನೆಯದೇ ನಿಜವಾದ ಚಿಂತೆ. ಇಂಬಳ ಮಳೆಗಾಲದ್ದು, ರೋಗ ಹರಡುವುದಿಲ್ಲ. ಹೊಗೆಸೊಪ್ಪು ನೆನೆಸಿದ ನೀರು ಅಥವಾ ಉಪ್ಪು ಸವರಿದ ಉದ್ದ ಕಾಲುಚೀಲದೊಳಗೆ ಪ್ಯಾಂಟು ತುರುಕಿ. ಹತ್ತಿದ್ದನ್ನು ಎಳೆಯದೆ, ಸಪೂರ ತುದಿಯ ಬದಿಯಿಂದ ಉಗುರಿನಲ್ಲಿ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಡುವುದರಿಂದ ಸೋರುವುದು ಹೆಚ್ಚು, ಒತ್ತಿ ಹಿಡಿದರೆ ನಿಲ್ಲುತ್ತದೆ.

ಮಂಗನ ಕಾಯಿಲೆ ಉಣುಗಿನಿಂದ ಬರುವಂಥದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ಅದಕ್ಕೆ ಆ ಹೆಸರೂ ಇದೆ. ಒಣಗಾಲದಲ್ಲಿ, ಮುಖ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ, ಮರಿ ಉಣುಗುಗಳು ತರಗೆಲೆಯಲ್ಲಿ ತುಂಬಿರುತ್ತವೆ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬೇಡಿ; ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಬೇರೆ ಕಾಡಿಗೆ ಹೋದರೂ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತರಗೆಲೆಯ ಮೇಲೆ ಕೂರಬೇಡಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ. ಮೊಣಕಾಲ ಹಿಂದೆ, ಕಂಕುಳು, ಕಿವಿಯ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲೆತ್ತಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ಎರಡು ವಾರದಲ್ಲಿ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆ’ ಎಂಬುದನ್ನೇ ಮೊದಲು ಹೇಳಿ.

ಪ್ರಶ್ನೆ: ಜುಲೈನಲ್ಲಿ ರಜೆ ಇದೆ. ಮಳೆಯಲ್ಲಿ ಕಡಲತೀರದ ನಡಿಗೆ ಹೇಗಿರುತ್ತದೆ?
(ಓದುಗರು, ತರೀಕೆರೆ)

ಉತ್ತರ: ಬಂಡೆ ದಾಟುವ ಯಾವ ದಾರಿಯೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಕಷ್ಟಕ್ಕೆ ಸಿಕ್ಕರೆ ಕರೆದರೆ ಬರುವ ದೋಣಿಯೂ ಇರದು. ಚಾರ್ಮಾಡಿ, ಶಿರಾಡಿಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದೂ ಆಗಲೇ. ರಜೆಯನ್ನು ಅಕ್ಟೋಬರ್ ಕೊನೆಗೆ ತಳ್ಳಲು ಆಗುವುದಾದರೆ ತಳ್ಳಿ. ಆಗದಿದ್ದರೆ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಯನ್ನೂ ಹತ್ತದೆ, ಹಿಂದಿನ ರಸ್ತೆಯಲ್ಲಿ ನಿಂತು ಅಲೆ ನೋಡಿ ಬನ್ನಿ.